ಮನೆಯ ಮಗ್ಗುಲಿನ ಇಕ್ಕಟ್ಟಾದ ನೆಲವನ್ನು ಅಣಿಗೊಳಿಸುವ ಕ್ರಮ

ಮೈದಾನ ಸೀಮೆಯ ಹಳ್ಳಿಗಳಲ್ಲಿ ಮನೆಯ ಮುಂದಿನ ಅಂಗಳಕ್ಕೆ ದಿನವೂ ಸಾರಣೆ, ರಂಗೋಲೆಗಳು ನಡೆಯುತ್ತವೆ. ಹಿಂದಿನ ಹಿತ್ತಲಿಗೆ ತೆಂಗು, ಬಾಳೆ, ಸೊಪ್ಪಿನ ಮಡಿಗಳ ಉಪಚಾರ ದೊರೆಯುತ್ತದೆ. ಆದರೆ ಮನೆಯ ಗೋಡೆಗೂ ನೆರೆಯವರ ಗೋಡೆಗೂ ಅಥವಾ ಬೇಲಿಗೂ ನಡುವೆ ಉಳಿಯುವ ನಾಲ್ಕೈದು ಅಡಿ ಅಗಲದ ಮಗ್ಗುಲ ನೆಲವನ್ನು ಕೇಳುವವರಿಲ್ಲ. ಒಡೆದ ಹೆಂಚು, ಮುರಿದ ನೊಗ, ಓರೆಯಾದ ಸೌದೆ, ತೂತುಬಿದ್ದ ಕೊಡ ಇವೆಲ್ಲವೂ ಅಲ್ಲಿಗೇ ಸೇರುತ್ತವೆ. ಬಚ್ಚಲ ನೀರು ಸಾಧಾರಣವಾಗಿ ಅದೇ ಕಡೆಗೆ ಹರಿದು, ಇಂಗುವಷ್ಟು ಇಂಗಿ, ಉಳಿದದ್ದು ನಿಂತು ನಾರುತ್ತದೆ. ಬಂದ ನೆಂಟರು ಆ ಕಡೆಗೆ ಹೋಗುವುದಿಲ್ಲವಾದ್ದರಿಂದ ಮನೆಯವರಿಗೆ ನಾಚಿಕೆಯೂ ಆಗುವುದಿಲ್ಲ.

ಸ್ಥಳ ಕಿರಿದಾದ್ದರಿಂದ ಅದರಿಂದ ಬರುವ ಲಾಭವೂ ಕಿರಿದೆಂದು ರೈತರು ಎಣಿಸುವುದುಂಟು. ಲಾಭದ ಮಾತು ಹಾಗಿರಲಿ, ಅಲಕ್ಷ್ಯದಿಂದಾಗುವ ನಷ್ಟ ಕಿರಿದಲ್ಲ. ಮಳೆಗಾಲದಲ್ಲಿ ಕುಸಿದ ಮಣ್ಣಿನ ಗೋಡೆಗಳ ಪೈಕಿ ಮೇಲಿನಿಂದ ಮಳೆ ಬಡಿದು ಬಿದ್ದವುಗಳಂತೆಯೇ ಬುಡ ನೆನೆದು ಕೂತುಹೋದವೂ ಅನೇಕವಾಗಿರುತ್ತವೆ. ಬುಡ ನೆನೆದ ಗೋಡೆ ಮುನ್ಸೂಚನೆ ಕೊಡದೆ ರಾತ್ರಿಯ ಹೊತ್ತಿನಲ್ಲಿ ಕುಸಿಯಬಹುದು, ಮತ್ತು ಅದರ ಒಳಮಗ್ಗುಲಲ್ಲಿ ಮಕ್ಕಳು ಮಲಗಿರುತ್ತಾರೆ. ಆದಕಾರಣ ಮಗ್ಗುಲ ನೆಲದಲ್ಲಿ ಯಾವ ಗಿಡವನ್ನು ನೆಡಬೇಕೆಂಬುದು ಎರಡನೆಯ ಪ್ರಶ್ನೆ. ನೀರನ್ನು ಗೋಡೆಯಿಂದ ಹೇಗೆ ದೂರ ಮಾಡಬೇಕೆಂಬುದೇ ಮೊದಲನೆಯದು.

ಸೂರಿನ ನೀರು.— ಒಂದು ಮನೆಯ ಸೂರು 20 ಅಡಿ ಉದ್ದವಿದ್ದು, ಆ ಮಗ್ಗುಲಿಗೆ ಇಳಿಯುವ ಮಾಡು ನೆಲದ ಮೇಲೆ ಅಳೆದಂತೆ 12 ಅಡಿ ಅಗಲವಿದೆಯೆಂದು ಇಟ್ಟುಕೊಳ್ಳೋಣ. ಒಂದು ಅಂಗುಲ ಮಳೆ ಬಿದ್ದರೆ ಆ ಮಾಡಿನಿಂದ 20 ಘನ ಅಡಿ, ಅಂದರೆ ಸುಮಾರು 125 ಗ್ಯಾಲನ್ ಅಥವಾ 566 ಲೀಟರ್ ನೀರು ಕೆಳಗಿಳಿಯುತ್ತದೆ. ನಾಲ್ಕು ಗ್ಯಾಲನ್ ಹಿಡಿಯುವ ಡಬ್ಬಗಳಲ್ಲಿ ತುಂಬಿದರೆ 31 ಡಬ್ಬಗಳಾಗುತ್ತವೆ. ಒಂದು ಸಂಜೆಯ ಮಳೆಗೆ ಇಷ್ಟು ನೀರನ್ನು ಯಾರೋ ಹೊತ್ತು ತಂದು ಗೋಡೆಯ ಬುಡಕ್ಕೆ ಸುರಿದರೆ ಯಜಮಾನನು ಸುಮ್ಮನಿರುವನೇ? ಸೂರು ಸುರಿಯುವುದು ವಾಡಿಕೆಯಾದ್ದರಿಂದ ಯಾರೂ ಕೇಳುವುದಿಲ್ಲ. ಚಳ್ಳಕೆರೆಯ ಸುತ್ತಿನಲ್ಲಿ ವರ್ಷಕ್ಕೆ 25 ಅಂಗುಲವೂ ಮಳೆಯಿಲ್ಲ. ಆಗುಂಬೆಯಲ್ಲಿ 250 ಅಂಗುಲಕ್ಕೂ ಮೇಲೆ ಬೀಳುತ್ತದೆ. ಆದರೂ ಮಲೆನಾಡಿನವರು ಸೂರನ್ನು ಮುಂದಕ್ಕೆ ಚಾಚಿ, ಕಲ್ಲಿನ ತಳಪಾಯವನ್ನು ಎತ್ತರಿಸಿ ಜಾಗರೂಕರಾಗಿರುವರು. ಅಪರೂಪಕ್ಕೆ ಒಮ್ಮೆಲೇ ಬರುವ ಮಳೆಗೆ ಮೈದಾನದ ಮಣ್ಣಿನ ಮನೆಗಳೇ ಸುಲಭವಾಗಿ ತುತ್ತಾಗುತ್ತವೆ.

ಮೊದಲು ಮಗ್ಗುಲಲ್ಲಿರುವುದನ್ನೆಲ್ಲ ಹೊರಗೆ ಹಾಕಿ, ಗೋಡೆಯ ಕಲ್ಲುಕಟ್ಟಡ ಎಲ್ಲಿ ಮುಗಿದು ಮಣ್ಣು ಎಲ್ಲಿ ಮೊದಲಾಗುತ್ತದೆಂಬುದನ್ನು ನೋಡಬೇಕು. ಹಳೆಯ ಮನೆಗಳಲ್ಲಿ ಈ ಗೆರೆ ನೆಲದೊಳಗೆ ಹೂತುಹೋಗಿರುವುದುಂಟು. ಇದಕ್ಕೆ ಕಾರಣ ಮನೆಯವರ ಒಳ್ಳೆಯ ಉದ್ದೇಶವೇ. ವರ್ಷವರ್ಷವೂ ನಾಲ್ಕು ಮಂಕರಿ ಕೆರೆಗೋಡು, ನಾಲ್ಕು ಮಂಕರಿ ಗೊಬ್ಬರ ತಂದು ಸುರಿದು ಸೊಪ್ಪು ಬೆಳೆದರೆ, ನೆಲವು ಗೊತ್ತಿಲ್ಲದಂತೆ ಏರಿ ಮಣ್ಣಿನ ಗೋಡೆಯನ್ನು ಮುಟ್ಟುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಗೋಡೆಯು ತೇವವನ್ನು ಮೇಲಕ್ಕೆ ಹೀರುತ್ತದೆ. ಸುಣ್ಣ ಉದುರುವುದು, ಉಪ್ಪಿನಂತಹ ಬಿಳಿಯ ಹುಡಿ ಕಾಣುವುದು, ಗೆದ್ದಲು ಹತ್ತುವುದು ಇವೆಲ್ಲ ಅದರ ಗುರುತುಗಳು. ನೆಲದ ಮಟ್ಟವು ಕಲ್ಲುಕಟ್ಟಡದ ತಲೆಗಿಂತ ಆರು ಅಂಗುಲವಾದರೂ ತಗ್ಗಿನಲ್ಲಿರತಕ್ಕದ್ದು. ಹೆಚ್ಚಾದ ಮಣ್ಣನ್ನು ಕೆರೆದು ಹೊಲಕ್ಕೆ ಸಾಗಿಸಬಹುದು. ಅದು ಒಳ್ಳೆಯ ಗೊಬ್ಬರವೇ ಸರಿ. ಆದರೆ ಕೆರೆಯುವ ಭರದಲ್ಲಿ ತಳಪಾಯಕ್ಕಿಂತ ಕೆಳಗೆ ಅಗೆಯಕೂಡದು. ಹಳ್ಳಿಯ ಮನೆಗಳ ತಳಪಾಯ ಆಳವಾಗಿರುವುದು ಅಪರೂಪ.

ಅನಂತರ ಗೋಡೆಯಿಂದ ಹೊರಕ್ಕೆ ಎರಡು ಅಡಿ ಅಗಲದ ಪಟ್ಟಿಯನ್ನು ಅಡಿಗೆ ಅರ್ಧ ಅಂಗುಲದಂತೆ ಇಳಿಜಾರು ಮಾಡಿ, ಚೆನ್ನಾಗಿ ದಮ್ಮಸ್ಸು ಹೊಡೆದು, ಚಪ್ಪಡಿ ಕಲ್ಲನ್ನಾಗಲಿ ಜಲ್ಲಿಯನ್ನಾಗಲಿ ಹಾಸಬೇಕು. ಈ ಪಟ್ಟಿಯಲ್ಲಿ ಯಾವ ಗಿಡವನ್ನೂ ನೆಡಲಾಗದು. ಹೆಂಚು ಕೈಯಾಡಿಸಲು ಏಣಿ ಇಡುವುದಕ್ಕೂ ಗೋಡೆಗೆ ಸುಣ್ಣ ಬಳಿಯುವುದಕ್ಕೂ ಇದೇ ದಾರಿ. ಸೂರಿನ ಹನಿ ಬೀಳುವ ಸಾಲಿನಲ್ಲಿ ಒಂಬತ್ತು ಅಂಗುಲ ಅಗಲದ ಚರಂಡಿಯನ್ನು ತೆಗೆದು ಕೈಹಿಡಿಯಷ್ಟು ಗಾತ್ರದ ಕಲ್ಲುಗಳನ್ನು ಹರಡಿದರೆ, ನೀರು ಸಿಡಿದು ಗೋಡೆಗೆ ಕೆಸರು ಹಾರುವುದು ನಿಲ್ಲುತ್ತದೆ. ಚರಂಡಿಗೆ ಉದ್ದಕ್ಕೂ ನೂರಕ್ಕೆ ಒಂದರಷ್ಟು ಇಳಿಜಾರಿದ್ದರೆ ಸಾಕು. ಮೂವತ್ತು ಅಡಿ ಉದ್ದಕ್ಕೆ ಸುಮಾರು ನಾಲ್ಕು ಅಂಗುಲವಾಗುತ್ತದೆ. ಒಂದು ಬಿಂದಿಗೆ ನೀರನ್ನು ಮೇಲ್ತುದಿಯಲ್ಲಿ ಸುರಿದು, ಅದು ಎಲ್ಲಿಯೂ ನಿಲ್ಲದೆ ಕೆಳತುದಿಯನ್ನು ಸೇರುವುದೇ ಎಂದು ನೋಡಿಕೊಂಡರೆ ಮಟ್ಟಗೋಲಿನ ಅವಶ್ಯಕತೆಯಿಲ್ಲ.

ನೆರೆಯವರ ವಿಷಯ.— ಕೆಳತುದಿಯ ನೀರನ್ನು ನೆರೆಯವರ ಗೋಡೆಗೆ ಬಿಡುವುದು ಮನೆಯ ರೋಗವನ್ನು ಬೀದಿಗೆ ಹಂಚಿದಂತೆ. ಸೂರಿನ ನೀರಿಗಾಗಿ ಹುಟ್ಟಿದ ವ್ಯಾಜ್ಯ ಮೂರು ತಲೆಮಾರು ನಡೆಯುವುದೂ ಉಂಟು. ಗ್ರಾಮದ ಮುಖ್ಯಸ್ಥರು ಬೇಸಗೆಯಲ್ಲೇ ಇಬ್ಬರು ಯಜಮಾನರನ್ನೂ ಸ್ಥಳಕ್ಕೆ ಕರೆಯಿಸಿ, ಎರಡು ಸೂರುಗಳ ನಡುವೆ ಒಂದೇ ಚರಂಡಿಯನ್ನು ತೆಗೆಯಿಸಿ ಖರ್ಚನ್ನು ಸಮನಾಗಿ ಹಂಚಿಸಿದರೆ ಇಬ್ಬರ ಗೋಡೆಗಳೂ ಉಳಿಯುತ್ತವೆ. ಮಳೆ ಬಂದ ಮೇಲೆ ಪಂಚಾಯಿತಿ ಸೇರಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಬಚ್ಚಲ ನೀರು.— ಇದನ್ನು ಸೂರಿನ ಚರಂಡಿಯೊಡನೆ ಸೇರಿಸದೆ ಬೇರೆಯಾಗಿಯೇ ಮಗ್ಗುಲ ನೆಲದ ಕೊನೆಗೆ ಒಯ್ದು ಬಾಳೆಯ ಮಡಿಗೆ ಬಿಡುವುದು ಉತ್ತಮ. ಮರಳು ಬೆರೆತ ಕೆಂಪು ನೆಲದಲ್ಲಿ ಮೂರು ಅಡಿ ಉದ್ದಗಲ, ಮೂರು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಇಟ್ಟಿಗೆಯ ಚೂರು, ಅದರ ಮೇಲೆ ಜಲ್ಲಿ ತುಂಬಿದರೆ ನೀರು ಇಂಗುತ್ತದೆ. ಗೋಡೆಯ ಹತ್ತಿರ ಈ ಗುಂಡಿ ಇರಕೂಡದು. ಬಾವಿಯಿಂದ 50 ಅಡಿಯಾದರೂ ದೂರವಿರಬೇಕು. ಎರೆಮಣ್ಣಿನ ಊರುಗಳಲ್ಲಿ ಗುಂಡಿಯ ಉಪಾಯ ನಡೆಯದು. ಆ ಮಣ್ಣು ನೆನೆದರೆ ಉಬ್ಬಿ ನೀರನ್ನು ಬಿಡುವುದಿಲ್ಲ. ಅಲ್ಲಿ ಎರಡು ಅಗಲವಾದ ಮಡಿಗಳನ್ನು ಮಾಡಿ ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ನೀರು ತಿರುಗಿಸಬೇಕು. ಸೀಗೆಕಾಯಿ, ಕಡಲೆಹಿಟ್ಟಿನ ನೀರಿನಿಂದ ಗಿಡಕ್ಕೆ ತೊಂದರೆಯಿಲ್ಲ. ಬಟ್ಟೆಯ ಸಾಬೂನು ಪುಡಿಯ ನೀರು ಒಂದೇ ಕಡೆ ಬಿದ್ದರೆ ನೆಲ ಕ್ಷಾರವಾಗಿ ಗಟ್ಟಿಯಾಗುತ್ತದೆ; ಸರದಿಯ ಮೇಲೆ ಮಡಿ ಬದಲಿಸುವುದಕ್ಕೆ ಇದೂ ಒಂದು ಕಾರಣ.

ಈ ಮಡಿಗೆ ಪಚ್ಚಬಾಳೆ ಒಳ್ಳೆಯದು. ಅದು ಗಿಡ್ಡವಾದ್ದರಿಂದ ಗಾಳಿಗೆ ಮುರಿದು ಮಾಡಿನ ಮೇಲೆ ಬೀಳುವ ಭಯ ಕಡಮೆ. ನಂಜನಗೂಡಿನ ರಸಬಾಳೆಯ ರುಚಿಗೆ ಸಾಟಿಯಿಲ್ಲವಾದರೂ ಸೊರಗು ರೋಗಕ್ಕೆ ಅದು ಬೇಗ ತುತ್ತಾಗುತ್ತದೆ. ತೇವ ತುಂಬಿದ ಬಚ್ಚಲ ಮಡಿ ಅದಕ್ಕೆ ತಕ್ಕ ಜಾಗವಲ್ಲ. ಬಾಳೆಯ ಸುತ್ತ ಕೆಸುವು ತಾನಾಗಿಯೇ ಹಬ್ಬುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಈರುಳ್ಳಿಗಳಿಗೆ ಬಚ್ಚಲ ನೀರನ್ನು ಸರ್ವಥಾ ಹಾಯಿಸಕೂಡದು. ಅಕ್ಕಿ, ಬೇಳೆ ತೊಳೆದ ನೀರನ್ನು ಅವುಗಳಿಗೆ ಹಾಕಬಹುದು.

ಮಲೇರಿಯದ ಕ್ರಿಮಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದನು. ಆ ಮೇಲೆ ತಿಳಿದುಬಂದ ಸಂಗತಿಯೆಂದರೆ ಸೊಳ್ಳೆಗಳೆಲ್ಲ ಒಂದೇ ಬಗೆಯವಲ್ಲ. ಆನೆಕಾಲು ರೋಗವನ್ನು ಹರಡುವ ಸೊಳ್ಳೆ ಬಚ್ಚಲಿನಂತಹ ಕೊಳಕು ನೀರಿನಲ್ಲಿ ಹುಟ್ಟಿದರೆ, ಡೆಂಗ್ಯೂ ಜ್ವರದ ಸೊಳ್ಳೆ ತಿಳಿಯಾದ ನೀರು ನಿಂತ ಕೊಡದ ಚೂರಿನಲ್ಲಿಯೂ ತೆಂಗಿನ ಚಿಪ್ಪಿನಲ್ಲಿಯೂ ಹುಟ್ಟುತ್ತದೆ. ಮಗ್ಗುಲ ನೆಲದಲ್ಲಿ ಇವೆರಡಕ್ಕೂ ಅನುಕೂಲವುಂಟು. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಎಂಟು ಹತ್ತು ದಿನಗಳು ಸಾಕು. ಆದ್ದರಿಂದ ವಾರಕ್ಕೊಮ್ಮೆ, ಸಂತೆಯ ದಿನವೆಂದು ಗೊತ್ತುಮಾಡಿಕೊಂಡರೂ ಸರಿಯೆ, ನಿಂತ ನೀರನ್ನೆಲ್ಲ ಚೆಲ್ಲಿ ಒಣಗಿಸಬೇಕು.

ಬಿಸಿಲು ಮತ್ತು ಗಿಡ.— ಮಗ್ಗುಲು ಯಾವ ದಿಕ್ಕಿಗಿದೆಯೋ ಅದರಂತೆ ಗಿಡವನ್ನು ಆರಿಸಬೇಕು. ಮೈಸೂರಿನ ಸುತ್ತಿನಲ್ಲಿ ಏಪ್ರಿಲ್ ಕಡೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಹತ್ತು ಅಡಿ ಎತ್ತರದ ಗೋಡೆಯ ನೆರಳು ಡಿಸೆಂಬರ್ ಕಡೆಯಲ್ಲಿ ನಡುಮಧ್ಯಾಹ್ನವೂ ಉತ್ತರಕ್ಕೆ ಏಳು ಅಡಿ ಚಾಚುತ್ತದೆ. ಜೂನ್ ಕಡೆಯಲ್ಲಿ ದಕ್ಷಿಣಕ್ಕೆ ಎರಡೇ ಅಡಿ. ಐದು ಅಡಿಯ ಉತ್ತರ ಮಗ್ಗುಲಿಗೆ ಚಳಿಗಾಲದ ನಡುಹಗಲಿನಲ್ಲಿ ಬಿಸಿಲೇ ಇಲ್ಲವೆಂದಾಯಿತು. ಅಲ್ಲಿ ಬದನೆ, ಮೆಣಸಿನ ಗಿಡ ನೆಟ್ಟು ಕಾಯಿ ಬಿಡಲಿಲ್ಲವೆಂದು ಬೀಜವನ್ನು ದೂರುವುದರಿಂದ ಪ್ರಯೋಜನವಿಲ್ಲ.

ಉತ್ತರದ ಮಗ್ಗುಲಿಗೆ ಅರಿಶಿನ, ಶುಂಠಿಗಳು ಬಹಳ ಹೊಂದುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ ನೆಟ್ಟರೆ ಬಿಸಿಲು ಆ ಕಡೆಗೆ ಬೀಳುವ ಕಾಲದಲ್ಲೇ ಅವು ಎಲೆ ಬಿಡುತ್ತವೆ. ನೆರಳು ದಟ್ಟವಾಗುವ ಹೊತ್ತಿಗೆ ಗೆಡ್ಡೆ ಬಲಿತು ಎಲೆ ಒಣಗತೊಡಗುತ್ತದೆ. ದೊಡ್ಡಪತ್ರೆ, ಒಂದೆಲಗಗಳೂ ಅಲ್ಲಿಯೇ ಇರಲಿ. ವೀಳ್ಯದೆಲೆಯ ಬಳ್ಳಿಗೂ ನೆರಳು ಇಷ್ಟವಾದರೂ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ದಕ್ಷಿಣದ ಮಗ್ಗುಲು ಅವರೆಗೆ ಹೇಳಿಮಾಡಿಸಿದ್ದು. ಹಗಲು ಕುಗ್ಗಿದ ಚಳಿಗಾಲದಲ್ಲಿ ಹೂ ಬಿಡುವ ನಾಟಿ ಅವರೆಗೆ ಆಗಲೇ ಅಲ್ಲಿ ತುಂಬ ಬಿಸಿಲು ದೊರೆಯುತ್ತದೆ. ಮೂಡಲ ಮಗ್ಗುಲಿಗೆ ಮಲ್ಲಿಗೆ, ಕನಕಾಂಬರ, ಸೊಪ್ಪುಗಳು. ಪಡುವಲ ಗೋಡೆ ಮಧ್ಯಾಹ್ನದ ಮೇಲಿನ ಬಿಸಿಲಿಗೆ ಕಾದು ರಾತ್ರಿಯವರೆಗೂ ಮನೆಯೊಳಗೆ ಸೆಕೆ ಬಿಡುತ್ತದೆ. ಅಲ್ಲಿ ತೊಂಡೆ, ಹೀರೆ ಅಥವಾ ಬಸಳೆಯ ಚಪ್ಪರವೆತ್ತಿದರೆ ತರಕಾರಿಯ ಜೊತೆಗೆ ತಂಪೂ ದೊರೆಯುತ್ತದೆ. ಚಪ್ಪರದ ಗೂಟಗಳು ಗೋಡೆಯಿಂದ ಎರಡು ಅಡಿ ಆಚೆಗಿರಬೇಕು. ಬಳ್ಳಿಯನ್ನು ಗೋಡೆಗೇ ಹಬ್ಬಿಸಿದರೆ ತೇವ ಆರದೆ ಇಲಿ, ಚೇಳುಗಳಿಗೂ ಮನೆ ಕಟ್ಟಿಕೊಟ್ಟಂತಾಗುತ್ತದೆ.

ಈ ಮಡಿಗಳೆಲ್ಲ ಬೇಲಿಯ ಕಡೆಗಿರಬೇಕು. ಆಚೆಯದೂ ಮಣ್ಣಿನ ಗೋಡೆಯಾಗಿದ್ದರೆ ನೆಲದಲ್ಲಿ ಮಡಿ ಮಾಡುವುದನ್ನು ಬಿಟ್ಟು, ತಳಕ್ಕೆ ತೂತು ಕೊರೆದ ಹಳೆಯ ಡಬ್ಬ, ಕುಂಡಗಳನ್ನು ಕಲ್ಲಿನ ಮೇಲಿಟ್ಟು ದೊಡ್ಡಪತ್ರೆ, ಕನಕಾಂಬರ, ಮೆಣಸುಗಳನ್ನು ಬೆಳೆಯಬಹುದು.

ನುಗ್ಗೆಯ ಮರವನ್ನು ಇಲ್ಲಿ ನೆಡಬಾರದು. ಅದರ ಕೊಂಬೆ ಪೆಳಸು, ಮುರಿದರೆ ಹೆಂಚಿನ ಮೇಲೆಯೇ ಬೀಳುತ್ತದೆ. ಹಲಸು, ಮಾವು, ಬಿದಿರುಗಳ ಮಾತೇ ಬೇಡ. ಕರಿಬೇವು ಬೇಲಿಯ ಮೂಲೆಯಲ್ಲಿ ಒಂದಿರಬಹುದು; ಅದರ ಬೀಜ ಒಣಗಿದರೆ ಹುಟ್ಟುವುದಿಲ್ಲವಾದ್ದರಿಂದ ಹಣ್ಣಾದ ಕೂಡಲೆ ಬಿತ್ತಬೇಕು, ಇಲ್ಲವೆ ಬೇರಿನಿಂದೆದ್ದ ಮರಿಯನ್ನು ಕಿತ್ತು ನೆಡಬೇಕು. ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಮೊಳೆತರೆ ಕೆಲವರು ಕೀಳಲು ಹಿಂಜರಿಯುತ್ತಾರೆ. ಎರಡೆಲೆಯಿರುವಾಗಲೇ ಬೇರುಸಹಿತ ಬಿಡಿಸಿ ಕೆರೆಯ ಏರಿಯ ಆಚೆ ಬಯಲಲ್ಲಿ ನೆಟ್ಟರೆ ಮರಕ್ಕೂ ಗೌರವ, ಗೋಡೆಗೂ ಕ್ಷೇಮ.

ಕೆಲಸವನ್ನು ಸುಗ್ಗಿ ಮುಗಿದ ಮೇಲೆ ಹಿಡಿದು, ನೆಲ ಇಳಿಜಾರು ಮಾಡುವುದನ್ನೂ ಚರಂಡಿಯನ್ನೂ ಯುಗಾದಿಯೊಳಗೆ ಮುಗಿಸಿಕೊಳ್ಳಬೇಕು. ಗಿಡಗಳನ್ನು ಆಗಲೇ ನೆಡುವ ಆತುರ ಬೇಡ. ಮೊದಲನೆಯ ಜೋರು ಮಳೆ ಬಂದ ದಿನ ಯಜಮಾನನು ಕಂಬಳಿಯ ಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ಮಗ್ಗುಲಿಗೆ ಹೋಗಿ ನಿಲ್ಲಬೇಕು. ನೀರು ಎಲ್ಲಿ ತಡೆಯುತ್ತದೆ, ಎಲ್ಲಿ ಗೋಡೆಯ ಕಡೆಗೆ ತಿರುಗುತ್ತದೆ ಎಂಬುದು ಆ ಅರ್ಧ ಗಂಟೆಯಲ್ಲಿ ಕಾಣುವಷ್ಟು ಬೇಸಗೆಯ ಒಣ ನೆಲದಲ್ಲಿ ಕಾಣುವುದಿಲ್ಲ. ಕಂಡಲ್ಲೆಲ್ಲ ಆಗಲೇ ಕಡಿದು ಸರಿಪಡಿಸಿ, ಮರುದಿನ ಮಣ್ಣು ಸ್ವಲ್ಪ ಆರಿದ ಮೇಲೆ ಅರಿಶಿನದ ಗೆಡ್ಡೆಯನ್ನು ಊರಬಹುದು.