ಕಾಡುಮೊಲದ ಲಾಡಿಹುಳು ಮತ್ತು ಮನೆಯ ನಾಯಿ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬೇಟೆಯಾಡಿದ ಕಾಡುಮೊಲವನ್ನು ಕೊಯ್ದಾಗ ಹೊಟ್ಟೆಯೊಳಗೆ ಬಟಾಣಿ ಗಾತ್ರದ ನೀರುಗುಳ್ಳೆಗಳ ಗೊಂಚಲು ಕಂಡಿದೆ. ಇದು ಲಾಡಿಹುಳುವೇ? ಮಾಂಸ ತಿನ್ನುವವರಿಗೂ ಒಳಾಂಗ ತಿಂದ ನಾಯಿಗೂ ಅಪಾಯವಿದೆಯೇ?

ಉತ್ತರ: ಆ ಗುಳ್ಳೆಗಳು ಟೀನಿಯಾ ಪಿಸಿಫಾರ್ಮಿಸ್ ಎಂಬ ಲಾಡಿಹುಳುವಿನ ಮರಿ ಅವಸ್ಥೆಯಾಗಿರುವ ಸಂಭವವೇ ಹೆಚ್ಚು. ಈ ಹುಳು ಬಲಿತು ಮೊಟ್ಟೆಯಿಡುವುದು ನಾಯಿ, ನರಿಗಳ ಸಣ್ಣಕರುಳಿನಲ್ಲಾದ್ದರಿಂದ ಅವನ್ನು ಅಂತಿಮ ಆತಿಥೇಯಗಳೆಂದೂ, ಮರಿಯನ್ನಷ್ಟೇ ಪೋಷಿಸುವ ಮೊಲವನ್ನು ಮಧ್ಯಂತರ ಆತಿಥೇಯವೆಂದೂ ಕರೆಯಲಾಗುತ್ತದೆ. ನಾಯಿಯ ಮಲದಿಂದ ಹುಲ್ಲಿಗೆ ಸೇರಿದ ಮೊಟ್ಟೆಗಳನ್ನು ಮೇಯುವಾಗ ಮೊಲ ನುಂಗಿದರೆ, ಅವು ಕರುಳಿನಲ್ಲಿ ಒಡೆದು, ಹೊರಬಂದ ಭ್ರೂಣಗಳು ರಕ್ತದ ಮೂಲಕ ಯಕೃತ್ತನ್ನು ಸೇರಿ, ಕೆಲವು ವಾರ ಅದನ್ನು ಕೊರೆಯುತ್ತ ಸಾಗಿ, ಕೊನೆಗೆ ಉದರದೊಳಗಿನ ಪೊರೆಗೆ ಅಂಟಿಕೊಂಡು ಗುಳ್ಳೆಗಳಾಗುತ್ತವೆ. ಯಕೃತ್ತಿನ ಮೇಲಿನ ಬಿಳಿ ಗೆರೆಗಳು ಅವು ಕೊರೆದ ದಾರಿಯ ಕಲೆಗಳು. ಗುಳ್ಳೆಗಳು ಕೆಲವೇ ಇದ್ದರೆ ಮೊಲಕ್ಕೆ ಹೆಚ್ಚಿನ ಬಾಧೆಯಾಗದು.

ಮೊಲದ ಕರುಳಿನಲ್ಲೇ ಬಲಿಯುವ ಲಾಡಿಹುಳುಗಳು ಬೇರೆ ಜಾತಿಯವು. ಅವುಗಳ ಮರಿಗಳನ್ನು ಹೊತ್ತ ಮಣ್ಣಿನ ಸೂಕ್ಷ್ಮ ನುಸಿಗಳು ಹುಲ್ಲಿನೊಂದಿಗೆ ಹೊಟ್ಟೆ ಸೇರುತ್ತವೆ.   

ಗುಳ್ಳೆಗಳನ್ನು ಒಳಾಂಗಗಳೊಂದಿಗೆ ತೆಗೆದುಹಾಕಿ ಚೆನ್ನಾಗಿ ಬೇಯಿಸಿದ ಮಾಂಸದಿಂದ ಮನುಷ್ಯರಿಗೆ ಪಿಸಿಫಾರ್ಮಿಸ್ ಹುಳು ತಗಲದು. ಆದರೆ ಸೊರಗಿದ, ಕಾಯಿಲೆಬಿದ್ದಂತೆ ಕಂಡ ಮೊಲವನ್ನು ತಿನ್ನಬಾರದು. ಹೆಚ್ಚಿನ ಎಚ್ಚರ ಬೇಕಿರುವುದು ನಾಯಿಯ ವಿಷಯದಲ್ಲಿ. ಹಸಿ ಒಳಾಂಗ ತಿಂದ ನಾಯಿಯ ಕರುಳಿನಲ್ಲಿ ಹುಳು ಬಲಿತು, ಸುಮಾರು ಎರಡು ತಿಂಗಳಲ್ಲಿ ಅದರ ಮೊಟ್ಟೆತುಂಬಿದ ತುಂಡುಗಳು ಮಲದಲ್ಲಿ ಕಾಣತೊಡಗುತ್ತವೆ. ಮೊಲದ ಚರ್ಮದಡಿಯಲ್ಲೂ ಸ್ನಾಯುಗಳ ನಡುವೆಯೂ ಗುಳ್ಳೆಕಟ್ಟುವ ಟೀನಿಯಾ ಸೀರಿಯಾಲಿಸ್ ಎಂಬ ಹುಳುವೂ ನಾಯಿಯಲ್ಲಿ ಬಲಿಯುತ್ತದೆ. ನಾಯಿ ವಿಸರ್ಜಿಸಿದ ಅದರ ಮೊಟ್ಟೆಗಳು ಮನುಷ್ಯರ ಬಾಯಿ ಸೇರಿದರೆ, ಬಹಳ ಅಪರೂಪವಾಗಿಯಾದರೂ, ಅವರ ದೇಹದಲ್ಲೂ ಗುಳ್ಳೆ ಬೆಳೆಯಬಹುದು. ಹಾಗಾಗಿ ನಾಯಿಯನ್ನು ಮುಟ್ಟಿದ ಮಕ್ಕಳು ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು ಅತ್ಯಗತ್ಯ.

ಜಂತುಹುಳುವಿನ ಔಷಧಗಳೆಲ್ಲವೂ ಲಾಡಿಹುಳುವನ್ನು ಕೊಲ್ಲುವುದಿಲ್ಲವಾದ್ದರಿಂದ, ಪಶುವೈದ್ಯರು ನಾಯಿಯ ತೂಕ ನೋಡಿ ಪ್ರಾಜಿಕ್ವಾಂಟೆಲ್ ಕೊಡುವುದು ಸರಿಯಾದ ಕ್ರಮ; ಆ ಬಳಿಕವೂ ನಾಯಿ ಕಾಡುಮೊಲವನ್ನು ಹಿಡಿದು ತಿನ್ನುತ್ತಿದ್ದರೆ ಸೋಂಕು ಮರುಕಳಿಸುತ್ತದೆ.