ನಡುಕದ ಕಾಯಿಲೆಯ ಔಷಧವೂ ನಡತೆಯ ಬದಲಾವಣೆಯೂ



ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ನಿಧಾನವಾಗುವುದು ಕೇವಲ ಮುಪ್ಪಿನ ಲಕ್ಷಣಗಳೆಂದು ಭಾವಿಸಬೇಡಿ. ಇದು ಪಾರ್ಕಿನ್ಸನ್ ಕಾಯಿಲೆಯಾಗಿರಬಹುದು. ನಡುವಯಸ್ಸಿನವರಿಗೂ ಇದು ಬರುವುದುಂಟು.

ಕಾರಣವೇನು?

ಮಿದುಳಿನ ಕೆಲವು ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ನಮ್ಮ ಚಲನವಲನ ಸರಾಗವಾಗಿರಲು ಅದು ಅವಶ್ಯಕ. ಈ ಕೋಶಗಳು ನಶಿಸಿದಾಗ ಕಾಯಿಲೆ ತಲೆದೋರುತ್ತದೆ. ಲೆವೊಡೋಪ ಮಾತ್ರೆಯು ಮಿದುಳನ್ನು ಸೇರಿ ಡೋಪಮೈನ್ ಆಗಿ ಮಾರ್ಪಡುತ್ತದೆ. ಬೇಲಿಯಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿಯೂ ಈ ವಸ್ತುವಿದೆ. 1937ರಲ್ಲಿ ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದರು. ಆದರೆ ಪ್ರಮಾಣ ತಿಳಿಯದೆ ಬೀಜದ ಪುಡಿಯನ್ನು ಸೇವಿಸುವುದು ಅಪಾಯಕರ.

ವರ್ಷಗಳು ಕಳೆದಂತೆ

ಮೊದಲ ಕೆಲವು ವರ್ಷ ಔಷಧದಿಂದ ಒಳ್ಳೆಯ ಗುಣ ಕಾಣುತ್ತದೆ. ಬರಬರುತ್ತ ಒಂದು ಮಾತ್ರೆಯ ಪರಿಣಾಮ ಬೇಗನೆ ಇಳಿಯಬಹುದು. ಕೈಕಾಲು, ಕುತ್ತಿಗೆ ತಾವಾಗಿಯೇ ಹೊಯ್ದಾಡಬಹುದು.

ಕೃಷ್ಣರಾಜನಗರದ ಕಡೆಯ ನಾಲೆಯನ್ನು ನೆನೆಯಿರಿ. ತೂಬು ಎತ್ತಿದಾಗ ನೀರು ಒಣಗಿದ ಗದ್ದೆಗೆ ಮಾತ್ರವಲ್ಲ, ಸಾಕಷ್ಟು ನೀರಿರುವ ಪಕ್ಕದ ಗದ್ದೆಗೂ ನುಗ್ಗುತ್ತದೆ. ಹಾಗೆಯೇ ಔಷಧವು ಮಿದುಳಿನಲ್ಲಿ ಆಸೆ ಮತ್ತು ಸಂತೋಷಕ್ಕೆ ಸಂಬಂಧಿಸಿದ ಭಾಗವನ್ನೂ ತಲುಪುತ್ತದೆ. ಆಗ ಕೆಲವರಲ್ಲಿ ಆಸೆಯನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಜೂಜು, ಬೇಡದ ಖರೀದಿ, ಅತಿಯಾದ ತಿನ್ನುವಿಕೆ, ಅತಿಯಾದ ಕಾಮಾಸಕ್ತಿ ಕಾಣಬಹುದು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳಿಂದ ಈ ತೊಂದರೆ ಹೆಚ್ಚು.

ಹುಣಸೂರು ಅಥವಾ ಪಿರಿಯಾಪಟ್ಟಣದ ರೈತರೊಬ್ಬರು ಎಂದೂ ಎಲೆ ಮುಟ್ಟದವರು, ಇಂಥ ಔಷಧ ಆರಂಭಿಸಿದ ಮೇಲೆ ಹೊಗೆಸೊಪ್ಪಿನ ಹಣವನ್ನು ಇಸ್ಪೀಟಿನಲ್ಲಿ ಕಳೆದರೆಂದು ಇಟ್ಟುಕೊಳ್ಳಿ. ಮನೆಯವರು ಅದನ್ನು ದುರ್ನಡತೆಯೆಂದು ಜರೆಯುತ್ತಾರೆ. ಅವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಸಂಸಾರ ಒಡೆಯುತ್ತದೆ. ನಿಜವಾಗಿ ಬೇಕಾದದ್ದು ಜಗಳವಲ್ಲ, ಔಷಧದ ಪರಿಶೀಲನೆ.

ನೀವು ಮಾಡಬೇಕಾದುದು

1. ಬದಲಾವಣೆಯನ್ನು ಮೊದಲು ಕಾಣುವವರು ಪತಿ ಅಥವಾ ಪತ್ನಿ. ಸಂಕೋಚಪಡದೆ ಇಬ್ಬರೂ ಕೂಡಿ ವೈದ್ಯರಿಗೆ ತಿಳಿಸಿರಿ.

2. ಔಷಧವನ್ನು ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿರಿ. ತೀವ್ರ ಜ್ವರ ಬಂದು, ಮೈ ಸೆಟೆದುಕೊಂಡು, ಪ್ರಾಣಾಪಾಯವಾಗಬಹುದು. ವೈದ್ಯರು ಕ್ರಮೇಣ ಪ್ರಮಾಣವನ್ನು ಇಳಿಸಿದರೆ ಅಥವಾ ಮಾತ್ರೆಯನ್ನು ಬದಲಿಸಿದರೆ ಸಾಮಾನ್ಯವಾಗಿ ನಡತೆ ಹತೋಟಿಗೆ ಬರುತ್ತದೆ.

3. ಅಲ್ಲಿಯವರೆಗೆ, ಪರಸ್ಪರ ಒಪ್ಪಿಗೆಯಿಂದ, ಹಣಕಾಸನ್ನು ಆರೋಗ್ಯವಂತರು ನೋಡಿಕೊಳ್ಳಲಿ.

4. ಹೆಗ್ಗಡದೇವನಕೋಟೆಯ ದೂರದ ಹಳ್ಳಿಯವರಾದರೂ ಸರಿಯೇ, ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ.

ನೆನಪಿಡಿ: ರೋಗಿಯನ್ನು ದೂಷಿಸಬೇಡಿ, ಔಷಧವನ್ನು ಬಿಡಿಸಬೇಡಿ, ವೈದ್ಯರಿಂದ ಏನನ್ನೂ ಮರೆಮಾಚಬೇಡಿ.