ಉದ್ಯಾನದ ಉಲಿಯಕ್ಕಿಗಳು

ವಲಸೆ ಹಕ್ಕಿಯೆಂದರೆ ಕೆರೆಗೆ ಬರುವ ಬಾತುಗಳೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ತಿರುಪ್ಪೂರಿನ ನಂಜರಾಯನ್ ಕೆರೆ 2022ರಲ್ಲಿ ಪಕ್ಷಿಧಾಮವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಆದರೆ ಕೋಯಮತ್ತೂರಿನ ಉದ್ಯಾನಗಳಿಗೂ ದೂರದ ಅತಿಥಿಗಳು ಬರುವುದುಂಟು. ಗುಬ್ಬಿಗಿಂತ ಚಿಕ್ಕದಾದ ಉಲಿಯಕ್ಕಿಗಳೇ ಅವು.

ಇವನ್ನು ನೋಡುವುದಕ್ಕಿಂತ ಕೇಳುವುದೇ ಸುಲಭ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಬೇಲಿಯ ಪೊದೆಯೊಳಗಿಂದ 'ಟಕ್, ಟಕ್' ಎಂಬ ಸದ್ದು ಬಂದರೆ ಅದು ಬ್ಲೈತನ ಜೊಂಡು ಉಲಿಯಕ್ಕಿ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದನ್ನು ವರ್ಣಿಸಿದನು. ಹೆಸರಿನಲ್ಲಿ ಜೊಂಡು ಇದ್ದರೂ ನಮ್ಮಲ್ಲಿ ಇದರ ವಾಸ ಪೊದೆಗಳಲ್ಲಿ. ಮೊದಲ ವರ್ಷ ನಾವು ಸಿಂಪಿಗನನ್ನೇ ಇದೆಂದು ಬರೆದುಕೊಂಡು ನಗೆಗೀಡಾದೆವು. ಸಿಂಪಿಗನ ನೆತ್ತಿ ಕೆಂಗಂದು, ಬಾಲ ನೆಟ್ಟಗೆ. ಇದು ಬರಿಯ ಮಾಸಲು ಕಂದು.

ಮೇಲೆ ಮಳೆಮರದ ಎಲೆಗಳ ನಡುವೆ ಹಸಿರು ಎಲೆ ಉಲಿಯಕ್ಕಿಯ ಓಡಾಟ. ತೂಕ ಸುಮಾರು 8 ಗ್ರಾಂ, ಕಣ್ಣಿನ ಮೇಲೆ ಮಸುಕು ಬಿಳಿಯ ಹುಬ್ಬು, ರೆಕ್ಕೆಯಲ್ಲಿ ಒಂದು ತೆಳು ಪಟ್ಟೆ. ಬಾಲ್ಟಿಕ್ ಸಮುದ್ರದ ಕಡೆಯಿಂದ ಹಿಮಾಲಯದವರೆಗೆ ಈ ಜಾತಿ ಗೂಡು ಕಟ್ಟುತ್ತದೆ.

ಬಂದದ್ದು ಸುಮ್ಮನೆ ಅಲೆಯುವುದಿಲ್ಲ. ಟ್ರೆವರ್ ಪ್ರೈಸ್ ಎಂಬ ವಿಜ್ಞಾನಿ ಪೂರ್ವಘಟ್ಟದಲ್ಲಿ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೊಂದು ಹಕ್ಕಿಯೂ ತನ್ನದೇ ಎಲ್ಲೆಯನ್ನು ಚಳಿಗಾಲದಲ್ಲಿ ಕಾಯ್ದುಕೊಳ್ಳುವುದನ್ನು ತೋರಿಸಿದರು. ಅದು ಕೂಗುವುದೂ 'ಇದು ನನ್ನ ಜಾಗ' ಎಂದು ಸಾರಲಿಕ್ಕೇ. ಅಕ್ಟೋಬರ್, ನವೆಂಬರಿನ ಈಶಾನ್ಯ ಮಾರುತದ ಮಳೆಯಲ್ಲಿ ಹುಳುಗಳಿಗೆ ಕೊರತೆಯಿಲ್ಲ. ಬೇಸಿಗೆ ಸಮೀಪಿಸಿ ಎಲೆ ಉದುರಿದಾಗಲೇ ಅದಕ್ಕೆ ಕಷ್ಟ.

ಕಳೆದ ಜನವರಿಯಲ್ಲಿ ನಾವು ಹೋಗುತ್ತಿದ್ದ ಉದ್ಯಾನದ ಹಳೆಯ ಬೇಲಿಯನ್ನು 'ಚೊಕ್ಕಟ' ಮಾಡುವುದಕ್ಕೆಂದು ನೆಲದವರೆಗೆ ಕತ್ತರಿಸಿದರು. ಮೂರು ತಿಂಗಳು ಒಂದೇ ಮೂಲೆಯಲ್ಲಿ ಕೇಳುತ್ತಿದ್ದ 'ಟಕ್, ಟಕ್' ಮರುದಿನ ಇರಲಿಲ್ಲ. ಆ ಚಳಿಗಾಲದಲ್ಲಿ ಮತ್ತೆ ಅಲ್ಲಿ ಅದು ಕೇಳಲೂ ಇಲ್ಲ. ಕಸ ಗುಡಿಸಲಿ, ಬೇಡವೆನ್ನುವವರಾರು? ಪೊದೆ ಕಸವಲ್ಲ, ಅಷ್ಟೆ. ಆ ಹಕ್ಕಿ ಪಕ್ಕದ ಪೊದೆಗೆ ಹೋಗಬಹುದಲ್ಲವೆ ಎಂದು ಒಬ್ಬ ಹುಡುಗ ಕೇಳಿದನು. ಅಲ್ಲಿ ಆಗಲೇ ಇನ್ನೊಂದು ಕಾವಲಿದ್ದಿತು.

ಮಳೆಮರದ್ದು ಮಾತ್ರ ಏಪ್ರಿಲ್‌ವರೆಗೂ ಉಳಿಯಿತು. ಹೊರಡುವ ಮುನ್ನ ಕೆಲವು ಮುಂಜಾನೆ ಪುಟ್ಟದೊಂದು ಹಾಡನ್ನೂ ಹಾಡಿತು. ಮೇ ತಿಂಗಳಲ್ಲಿ ಅಲ್ಲಿ ಕೇಳಿದ್ದು ಸಿಂಪಿಗನ ಕೂಗು ಮಾತ್ರ. ಸೆಪ್ಟೆಂಬರಿನ ದಿನಾಂಕ ಬರೆಯಲು ನಮ್ಮ ನೋಟ್‌ಪುಸ್ತಕದಲ್ಲಿ ಒಂದು ಪುಟ ಬಿಟ್ಟಿದ್ದೇವೆ.